ಹಳದಿ ಗೆರೆಯ ಪೆಟ್ಟಿಗೆ: 1868ರ ಗ್ರಹಣವನ್ನು ಕೈಯಿಂದ ತಿರುಗಿಸಿ ತೋರಿಸುವ ಮಾದರಿ

ಬಲಗಡೆಯ ಹಿಡಿಕೆಯನ್ನು ಐದು ಸುತ್ತು ತಿರುಗಿಸಿದರೆ 1868ರ ಆಗಸ್ಟ್ 18, ಮಂಗಳವಾರ ಬೆಳಗಿನ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿಯ ಕಡೆಯಿಂದ ಬಂದು, ರಾಯಚೂರು ದಾಟಿ, ವನಪರ್ತಿ, ಗುಂಟೂರು, ಮಚಿಲಿಪಟ್ಟಣದ ಮೇಲೆ ಹಾದುಹೋಗುತ್ತದೆ. ಪ್ರತಿ ಊರಿನ ಮೇಲೆ ನೆರಳಿನ ನಡುಮಧ್ಯ ಬಂದಾಗ ಅಲ್ಲೊಂದು ಹಳದಿ ದೀಪ ಹತ್ತುತ್ತದೆ. ಕೆಳಗೆ ಕಿನ್ನಾಳ ಶೈಲಿಯ ಗೊಂಬೆಗಳು: ಆ ದಿನ ಆಯಾ ಊರಲ್ಲಿ ನಿಜವಾಗಿ ನಿಂತು ಆಕಾಶ ನೋಡಿದ ವಿಜ್ಞಾನಿಗಳು. ಮುಂದೆ ಒಂದು ಪಾರದರ್ಶಕ ಅಕ್ರಿಲಿಕ್ ಹಾಳೆ. ಅದರ ಮೇಲೆ ಹಾರಿಹೋದ ಜೋಳದ ರೊಟ್ಟಿ, ಹಾಜರಿ ಕರೆಯುವ ಕಾಗೆಗಳು, ಹೆಸರಿಲ್ಲದ ಹಳದಿ ಹುಡುಗಿ. ಹಾಳೆ ಎತ್ತಿದರೆ ಕಲ್ಪನೆಯೆಲ್ಲ ಮೇಲೆ ಹೋಗುತ್ತದೆ, ನಡೆದದ್ದಷ್ಟೇ ಉಳಿಯುತ್ತದೆ.

ರಾಯಚೂರು ಸೀಮೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ರೂಪಿಸಿದ ಮಾದರಿ ಇದು. ಆ ಗ್ರಹಣದಲ್ಲಿ ಕಂಡ ಒಂದು ಹಳದಿ ಗೆರೆ ಹೀಲಿಯಂ ಪತ್ತೆಗೆ ದಾರಿಯಾಯಿತು, ಪೆಟ್ಟಿಗೆಯ ಹೆಸರು ಅದರಿಂದ. ಬಡಗಿ ಕೆಲಸ ಎರಡು ದಿನದ್ದು. ಗೊಂಬೆ ಒಣಗಲು ಒಂಬತ್ತು ದಿನ ಬೇಕು. ಹಾಗಾಗಿ ಗೊಂಬೆ ಮೊದಲು, ಪೆಟ್ಟಿಗೆ ಆಮೇಲೆ.

ಮೊದಲು ಪಟ್ಟಿ, ಆಮೇಲೆ ಗರಗಸ

ಮರ ಮುಟ್ಟುವ ಮೊದಲು ಎರಡು ಹಾಳೆಯಲ್ಲಿ ಎರಡು ಪಟ್ಟಿ ಬರೆದುಕೊಳ್ಳಬೇಕು. ಒಂದು ನಡೆದದ್ದರದು, ಇನ್ನೊಂದು ಕಲ್ಪಿಸಿ ಕಟ್ಟಿದ್ದರದು.

ನಡೆದದ್ದು: ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿದ್ದರು. ಅದೇ ಊರಲ್ಲಿ ಜೇಮ್ಸ್ ಟೆನೆಂಟ್ ಅವರ ತಂಡವೂ ಇತ್ತು. ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಮಚಿಲಿಪಟ್ಟಣಕ್ಕೆ ಹೋಗಿದ್ದರು. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ವನಪರ್ತಿಯಲ್ಲಿ ಬಿಡಾರ ಹೂಡಿದ್ದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಸೂರ್ಯನ ಅಂಚಿನಿಂದ ಚಾಚುವ ಕೆಂಪು ನಾಲಿಗೆಗಳು ಕಾದು ಹೊಳೆಯುವ ಅನಿಲದವು ಎಂಬುದು ಆ ಬೆಳಿಗ್ಗೆ ರೋಹಿತದರ್ಶಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ಕಂಡ ಹೊಳಪು ಗೆರೆಗಳಿಂದ ಖಾತ್ರಿಯಾಯಿತು. ಆ ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಗ್ರಹಣವಿಲ್ಲದಿದ್ದರೂ ಕಾಣಬಹುದು ಎಂದು ಜಾನ್ಸೆನ್‌ಗೆ ಹೊಳೆಯಿತು. ಮರುದಿನವೇ ನೋಡಿ ತೋರಿಸಿದರು. ಅದೇ ಉಪಾಯವನ್ನು ನಾರ್ಮನ್ ಲಾಕಿಯರ್ ಇಂಗ್ಲೆಂಡಿನಲ್ಲಿ ತಾವಾಗಿಯೇ ಕಂಡುಕೊಂಡದ್ದು ಅಕ್ಟೋಬರ್ 20ರಂದು. ಕಂಡ ಗೆರೆಗಳಲ್ಲಿ ಒಂದು ಹಳದಿ. ಸೋಡಿಯಂನ ಜೋಡಿ ಗೆರೆಗಳಾದ ಡಿ1, ಡಿ2 ಹತ್ತಿರವೇ ಇದ್ದರೂ ಅದು ಅವುಗಳ ಜಾಗದಲ್ಲಿ ಇರಲಿಲ್ಲ. ಲಾಕಿಯರ್ ಅದನ್ನು ಡಿ3 ಎಂದರು. ಎಡ್ವರ್ಡ್ ಫ್ರಾಂಕ್ಲಂಡ್ ಜೊತೆಗಿನ ಕೆಲಸದ ಬಳಿಕ ಆ ಗೆರೆಯ ಒಡೆಯನಾದ ಮೂಲವಸ್ತುವಿಗೆ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಆ ಅನಿಲ ವಿಲಿಯಂ ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ, ಕ್ಲೀವೈಟ್ ಎಂಬ ಯುರೇನಿಯಂ ಅದಿರಿನಿಂದ.

ಕಟ್ಟಿದ್ದರ ಪಟ್ಟಿಗೆ ಒಂದೇ ನಿಯಮ: ನಂಬುವಂಥದ್ದು ಅದರಲ್ಲಿ ಬರಕೂಡದು. ಕಾಗೆ ಮಾತಾಡಬಹುದು, ರೊಟ್ಟಿ ಹಾರಬಹುದು. ಆದರೆ ‘ಜಾನ್ಸೆನ್ ಗುಂಟೂರಿಗೆ ಹೋಗುವಾಗ ರಾಯಚೂರಿನಲ್ಲಿ ಒಂದು ರಾತ್ರಿ ತಂಗಿದ್ದರು’ ಎಂದು ಬರೆದರೆ ಮಗು ಅದನ್ನು ಇತಿಹಾಸವೆಂದೇ ಮನೆಗೆ ಒಯ್ಯುತ್ತದೆ, ನಾಳೆ ಅದೇ ಉತ್ತರಪತ್ರಿಕೆಗೂ ಬರುತ್ತದೆ. ಇಂಥದ್ದು ಎಷ್ಟು ಸುಲಭವಾಗಿ ಬೇರುಬಿಡುತ್ತದೆ ಎನ್ನಲು ಇದೇ ಗ್ರಹಣದ ಉದಾಹರಣೆ ಇದೆ. ಲಾಕಿಯರ್ ಆ ದಿನ ಕೊಂಕಣ ಕರಾವಳಿಯ ವಿಜಯದುರ್ಗ ಕೋಟೆಯ ಮೇಲೆ ನಿಂತು ಹೀಲಿಯಂ ಕಂಡರು ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ವಿಜಯದುರ್ಗಕ್ಕೆ ಅವರು ಬಂದದ್ದು ನಿಜ. ಆದರೆ ಅದು 1898ರ ಜನವರಿ 22ರ ಗ್ರಹಣಕ್ಕೆ. ಮೂವತ್ತು ವರ್ಷದ ಅಂತರದ ಎರಡು ಗ್ರಹಣ ಒಂದಾಗಿ ಬೆಸೆದುಹೋಗಿವೆ. ಎರಡೂ ತುಂಡು ನಿಜವಾದ್ದರಿಂದಲೇ ಬೆಸುಗೆ ಕಣ್ಣಿಗೆ ಬೀಳುವುದಿಲ್ಲ. ಈ ಪೆಟ್ಟಿಗೆಯಲ್ಲಿ ಬೆಸುಗೆ ಕಾಣಲೇಬೇಕು. ಅಕ್ರಿಲಿಕ್ ಹಾಳೆ ಇರುವುದು ಅದಕ್ಕೆ.

ಗೊಂಬೆಗಳು, ಒಂಬತ್ತು ದಿನ

ಒಟ್ಟು ಏಳು ಗೊಂಬೆ, ಒಂದೊಂದೂ 10 ಸೆಂ.ಮೀ. ಎತ್ತರ, 5 ಸೆಂ.ಮೀ. ಒಳಗಿನ ಅಗಲ. ಗುಂಟೂರು ಮತ್ತು ಮಚಿಲಿಪಟ್ಟಣದ ನಡುವೆ ಹಲಗೆಯ ಮೇಲೆ 6.2 ಸೆಂ.ಮೀ. ಮಾತ್ರ ಜಾಗ ಸಿಗುತ್ತದೆ, ಅದಕ್ಕಿಂತ ದಪ್ಪ ಗೊಂಬೆ ಹಿಡಿಯುವುದಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮಾಡುವ ಕ್ರಮವನ್ನೇ ಅಳತೆ ಚಿಕ್ಕದು ಮಾಡಿ ಅನುಸರಿಸಿದ್ದು. ಹಗುರ ಮರದಲ್ಲಿ ಮೈ, ತಲೆ, ಕೈ ಬೇರೆ ಬೇರೆ ಕೆತ್ತಿ ಜೋಡಿಸಬೇಕು. ಭಾರದ ಮರ ಬೇಡ: ಅಂಟು ಒಣಗುವ ಮುನ್ನವೇ ಕೈ ಜೋತುಬೀಳುತ್ತದೆ. ಅಂಟಿಗೆ 250 ಗ್ರಾಂ ಹುಣಸೆ ಬೀಜ ಹುರಿದು, ಕುಟ್ಟಿ, ಸಿಪ್ಪೆ ತೆಗೆದು, ರಾತ್ರಿಯಿಡೀ ನೆನೆಹಾಕಿ, ನುಣ್ಣಗೆ ರುಬ್ಬಿ, ಹಿಟ್ಟಿನ ಹತ್ತರಷ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಕಾಸಬೇಕು. ಸೌಟಿನಿಂದ ಎಳೆಯಾಗಿ ಇಳಿಯುವ ಹದ ಸಾಕು. ಗಟ್ಟಿ ಮುದ್ದೆಯಾದರೆ ಸೀಳು ಬಿಡುತ್ತದೆ. ಸೆಣಬಿನ ಚೀಲದ ತುಂಡು ನೆನೆಸಿ, ಸಣ್ಣಗೆ ಕತ್ತರಿಸಿ, ಒಣಗಿಸಿ, ಪುಡಿ ಮಾಡಿ ಈ ಅಂಟಿಗೆ ಬೆರೆಸಿದರೆ ಕಿಟ್ಟ ಆಗುತ್ತದೆ. ಮರದ ಕೀಲುಗಳ ಮೇಲೆ ಕಿಟ್ಟ ಮೆತ್ತಿ, ಅದರ ಮೇಲೆ ಹತ್ತಿಯ ತೆಳು ತುಣುಕುಗಳನ್ನು ಅದೇ ಅಂಟಿನಿಂದ ಹೊದಿಸಿ, ಕೊನೆಗೆ ಕಲ್ಲಿನ ಪುಡಿ ಮತ್ತು ಅಂಟಿನ ಲೇಪ. ಬಣ್ಣ ಕೂರುವುದು ಈ ಕೊನೆಯ ಲೇಪದ ಮೇಲೆ.

ಮೂರು ಪದರಕ್ಕೂ ಮೂರು ಮೂರು ದಿನ ನೆರಳಲ್ಲಿ ಒಣಗಲು ಬಿಟ್ಟದ್ದು. ಮೊದಲ ಗೊಂಬೆಯನ್ನು ಬಿಸಿಲಿಗಿಟ್ಟಾಗ ಎರಡು ತಾಸಿನಲ್ಲಿ ಕುತ್ತಿಗೆಯ ಸುತ್ತ ಕೂದಲೆಳೆಯ ಬಿರುಕು ಬಂತು. ಹೊರಮೈ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಎಳೆತ ತಡೆಯದೆ ಲೇಪ ಬಿರಿಯುತ್ತದೆ. ರಾಯಚೂರಿನ ಬಿಸಿಲಿಗೆ ಈ ಕೆಲಸದಲ್ಲಿ ಜಾಗವಿಲ್ಲ. ಬಿರುಕಿಗೆ ತೆಳು ಅಂಟು ಇಳಿಸಿ, ಹತ್ತಿಯ ಒಂದು ಸುತ್ತು ಹೊದಿಸಿದರೆ ಸರಿಹೋಗುತ್ತದೆ, ಮೂರು ದಿನ ಮಾತ್ರ ಹೆಚ್ಚು ಹಿಡಿಯುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಅದು ವಿಷ. ಕೈಗವಸು ಹಾಕಿಕೊಂಡು ದೊಡ್ಡವರೇ ಬೆರೆಸಬೇಕು, ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಗೊಂಬೆಯ ಮುಖದಲ್ಲಿ ಎಡವುವ ಜಾಗ ಒಂದಿದೆ. ಹರ್ಷೆಲ್ ಎಂದು ಹುಡುಕಿದರೆ ಬೆಳ್ಳಗೆ ಕೆದರಿದ ಕೂದಲಿನ ಮುದುಕರ ಪ್ರಸಿದ್ಧ ಭಾವಚಿತ್ರ ಸಿಗುತ್ತದೆ. ಅವರು ಸರ್ ಜಾನ್ ಹರ್ಷೆಲ್, 1868ರಲ್ಲಿ ಇಂಗ್ಲೆಂಡಿನಲ್ಲಿದ್ದ 76ರ ವೃದ್ಧರು. ಜಮಖಂಡಿಯಲ್ಲಿದ್ದವರು ಅವರ ಮಗ, ಅದೇ ಹೆಸರಿನ ಮೂವತ್ತೊಂದರ ಆಸುಪಾಸಿನ ಸೇನಾ ಎಂಜಿನಿಯರ್. ಕರಿಗೂದಲೇ ಸರಿ. ಜಾನ್ಸೆನ್‌ಗೆ 44 ವರ್ಷ, ಬಾಲ್ಯದ ಅಪಘಾತದಿಂದ ಕಾಲು ಕುಂಟು. ಕೈಗೆ ಊರುಗೋಲು ಕೊಟ್ಟರೆ ದೂರದಿಂದಲೂ ಗುರುತು ಹತ್ತುತ್ತದೆ. ನಂಬುವಂಥ ಭಾವಚಿತ್ರ ಕೈಗೆ ಸಿಗದವರಿಗೆ ಮುಖ ಬಿಡಿಸಬೇಡಿ. ಬೆನ್ನು ಈಚೆಗೆ ಮಾಡಿ, ಕಣ್ಣು ದೂರದರ್ಶಕಕ್ಕಿಟ್ಟು ನಿಲ್ಲಿಸಿ. ಆಕಾಶ ನೋಡಲು ಬಂದವರು ಹಾಗೆ ನಿಂತರೆ ಸಹಜವಾಗಿಯೇ ಕಾಣುತ್ತದೆ. ರಘುನಾಥಾಚಾರಿ ಮತ್ತು ಟೆನೆಂಟ್ ಇಬ್ಬರನ್ನೂ ಹೀಗೆಯೇ ಮಾಡಿದ್ದು.

ಲಾಕಿಯರ್ ಮತ್ತು ರಾಮ್ಸೆ ನಕ್ಷೆಯ ಕೆಳಗೆ ಬರುವುದಿಲ್ಲ. ಎಡ ಪಕ್ಕದ ಹಲಗೆಯ ಮೇಲೆ, ಅಂದರೆ ಪಶ್ಚಿಮಕ್ಕೆ, ಅವರಿಗೆ ಬೇರೆ ಗೂಡು. ಲಾಕಿಯರ್ ಕಾಲಡಿ ‘20 ಅಕ್ಟೋಬರ್ 1868’. ರಾಮ್ಸೆ ಗ್ರಹಣದ ದಿನ ಹದಿನೈದರ ಹುಡುಗ, ಗೊಂಬೆಯೂ ಹುಡುಗನೇ, ಕಾಲಡಿ ‘ಇನ್ನು 27 ವರ್ಷಕ್ಕೆ’.

ಹಲಗೆ, ನಕ್ಷೆ, ನೆರಳು

ಹಿಂಬದಿಗೆ 6 ಮಿ.ಮೀ. ಪ್ಲೈವುಡ್, 100 × 45 ಸೆಂ.ಮೀ. ತಳಕ್ಕೆ 12 ಮಿ.ಮೀ. ಪ್ಲೈವುಡ್, 100 × 30. ಎಡಬಲಕ್ಕೆ 20 ಸೆಂ.ಮೀ. ಅಗಲದ ಎರಡು ಮರೆಹಲಗೆ: ನೆರಳು ಹೊರಡುವ ಮುನ್ನ ಎಡಕ್ಕೂ, ಮುಗಿದ ಮೇಲೆ ಬಲಕ್ಕೂ ಅಡಗಿಕೊಳ್ಳಲು. ನಡುವೆ 60 ಸೆಂ.ಮೀ. ಕಿಟಕಿ.

ನಕ್ಷೆಯ ಅಳತೆ ರೇಖಾಂಶದ ಒಂದು ಡಿಗ್ರಿಗೆ 9 ಸೆಂ.ಮೀ. ಎಡ ಅಂಚಿನಿಂದ ಜಮಖಂಡಿ 23.5, ರಾಯಚೂರು 42.0, ವನಪರ್ತಿ 48.4, ಗುಂಟೂರು 69.9, ಮಚಿಲಿಪಟ್ಟಣ 76.1 ಸೆಂ.ಮೀ. ತಳದಿಂದ ಎತ್ತರ ಅದೇ ಕ್ರಮದಲ್ಲಿ 26.8, 24.1, 25.5, 25.0, 23.9. ಈ ಎತ್ತರಗಳನ್ನು ನೋಡಿ: ಐದೂ ಊರು 3 ಸೆಂ.ಮೀ. ಪಟ್ಟಿಯೊಳಗೆ ಕೂತಿವೆ. ಕೃಷ್ಣಾ ಕಣಿವೆಯ ಉದ್ದಕ್ಕೂ ನೆರಳು ಹೆಚ್ಚುಕಡಿಮೆ ಸರಳರೇಖೆಯಲ್ಲಿ ಬಂತು, ಅದರ ದಾರಿ ಹಿಡಿದೇ ಬಿಡಾರಗಳು ಬಿದ್ದವು. ಹಿಡಿಕೆ ತಿರುಗಿಸುವ ಮಗುವಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ರಾಯಚೂರಿನ ಹಿಂದೆ ಕೋಟೆ ಬಿಡಿಸಬಹುದು, ಅದು 1294ರಿಂದ ಅಲ್ಲಿದೆ. ರೈಲು ಬಿಡಿಸಬೇಡಿ. ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಶಾಖೋತ್ಪನ್ನ ಕೇಂದ್ರದ ಚಿಮಣಿಗಳೂ ಬೇಡ. ಊರಿನ ಗುರುತಿಗೆಂದು ಮಕ್ಕಳು ಮೊದಲು ಬಿಡಿಸುವುದು ಇವೆರಡನ್ನೇ, ಪೆನ್ಸಿಲಿನಲ್ಲಿರುವಾಗಲೇ ನೋಡಿಕೊಳ್ಳಿ.

ನೆರಳಿಗೆ ಕಸೂತಿ ಹಾಕುವ ಮರದ ಬಳೆ, 7 ಇಂಚಿನದು. ಅಂದರೆ 17.8 ಸೆಂ.ಮೀ., ಈ ನಕ್ಷೆಯಲ್ಲಿ ಸುಮಾರು 210 ಕಿ.ಮೀ. ನಿಜವಾದ ನೆರಳಿನ ಪಟ್ಟಿಯೂ ಇನ್ನೂರು ಕಿಲೋಮೀಟರಿಗೆ ಮಿಕ್ಕಿತ್ತು. ಬಳೆಗೆ ಕಪ್ಪು ಜಾರ್ಜೆಟ್ ಬಟ್ಟೆ ಒಂದೇ ಪದರ ಬಿಗಿಯಿರಿ. ಸೊಳ್ಳೆಪರದೆಯ ಕಪ್ಪು ಜಾಳಿಗೆ ಎರಡು ಪದರ ಹಾಕಿ ನೋಡಿದಾಗ ಒಂದರ ಕಣ್ಣು ಇನ್ನೊಂದರ ಕಣ್ಣಿಗೆ ಅಡ್ಡಬಂದು ಅಲೆಅಲೆಯ ಚಿತ್ತಾರ ಕಾಣಿಸಿತು, ಬಳೆ ಚಲಿಸಿದರೆ ಚಿತ್ತಾರವೂ ಓಡುತ್ತದೆ. ನೋಡುವವರ ಕಣ್ಣು ಊರಿನ ಮೇಲಿರುವ ಬದಲು ಅಲ್ಲಿಗೆ ಹೋಗುತ್ತದೆ.

ತಳದಿಂದ 40 ಸೆಂ.ಮೀ. ಎತ್ತರದಲ್ಲಿ ಪರದೆ ಹಾಕುವ ಚಾನೆಲ್ ಅಡ್ಡಲಾಗಿ ಕೂರಿಸಿ. ಅಲ್ಯೂಮಿನಿಯಂನದೇ ಆಗಬೇಕು. ಕಬ್ಬಿಣದ್ದಾದರೆ ಮುಂದೆ ಹಾಕುವ ಅಯಸ್ಕಾಂತ ಅದಕ್ಕೇ ಅಂಟಿಕೊಂಡು ಎಳೆಯುತ್ತದೆ. ಒಂದೇ ಗಾಲಿಗೆ ಬಳೆ ತೂಗುಹಾಕಿದಾಗ ಪ್ರತಿ ಎಳೆತಕ್ಕೂ ಗಡಿಯಾರದ ಲೋಲಕದಂತೆ ಓಲಾಡಿತು. 6 ಸೆಂ.ಮೀ. ಅಂತರದಲ್ಲಿ ಎರಡು ಗಾಲಿ ಹಾಕಿ, ನಡುವೆ ಪಟ್ಟಿ ಕಟ್ಟಿ, ಅದರಿಂದ 15 ಸೆಂ.ಮೀ. ಕೆಳಗೆ ಬಳೆಯ ನಡುಬಿಂದು ಬರುವಂತೆ ತೋಳು ಇಳಿಸಿದ ಮೇಲೆ ಓಲಾಟ ನಿಂತಿತು. ಚಾನೆಲ್‌ಗೆ ಎಣ್ಣೆ ಬೇಡ, ಧೂಳು ಕೂತು ಮೂರನೇ ದಿನಕ್ಕೆ ಕಸರಾಗುತ್ತದೆ. ಮೇಣದಬತ್ತಿ ಉಜ್ಜಿದರೆ ಸಾಕು.

ಎಳೆಯಲು ಗಾರೆ ಕೆಲಸದವರು ಮಟ್ಟ ಹಿಡಿಯುವ ನೈಲಾನ್ ದಾರ. 5 ಮತ್ತು 95 ಸೆಂ.ಮೀ. ಗುರುತಿನಲ್ಲಿ ಎರಡು ರಾಟೆ, ದಾರ ಕುಳಿತ ಮೇಲೆ 5 ಸೆಂ.ಮೀ. ವ್ಯಾಸ ಬರುವಂಥವು. ಒಂದು ಸುತ್ತಿಗೆ 15.7 ಸೆಂ.ಮೀ. ದಾರ ಸಾಗುತ್ತದೆ. ಬಳೆಯ ನಡುಬಿಂದು 11ರಿಂದ 89ಕ್ಕೆ, ಅಂದರೆ 78 ಸೆಂ.ಮೀ. ಹೋಗಬೇಕು, ಸರಿಯಾಗಿ ಐದು ಸುತ್ತು. ಎರಡನೇ ಸುತ್ತು ಮುಗಿಯುತ್ತಿದ್ದಂತೆ ನೆರಳು ರಾಯಚೂರಿನ ಮೇಲೆ ಬರುತ್ತದೆ. ದಾರ 205 ಸೆಂ.ಮೀ. ಕತ್ತರಿಸಿ, ಗಂಟಿನ ಜಾಗದಲ್ಲಿ ಒಂದು ಸಣ್ಣ ಸ್ಪ್ರಿಂಗ್ ಕಟ್ಟಿ. ಸ್ಪ್ರಿಂಗ್ ಇಲ್ಲದಿದ್ದರೆ ನೈಲಾನ್ ಒಂದೇ ದಿನದಲ್ಲಿ ಸಡಿಲವಾಗಿ ರಾಟೆ ಜಾರುತ್ತದೆ. ಸ್ಪ್ರಿಂಗ್ ಕೆಳಗಿನ ಸಾಲಿನಲ್ಲಿ ಇರಲಿ, ಇಲ್ಲವಾದರೆ ರಾಟೆಗೆ ಬಂದು ಸಿಕ್ಕಿಕೊಳ್ಳುತ್ತದೆ.

ತೋಳನ್ನು ದಾರದ ಮೇಲಿನ ಸಾಲಿಗೆ ಕಟ್ಟಬೇಕು. ಕೆಳಗಿನ ಸಾಲಿಗೆ ಕಟ್ಟಿದರೆ, ಹಿಡಿಕೆಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದಾಗ ನೆರಳು ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತದೆ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವುದನ್ನು ದಿನಾ ನೋಡುವವರಿಗೆ ಅದೇ ಸರಿಯೆನಿಸಿ ತಪ್ಪು ಗೊತ್ತೇ ಆಗುವುದಿಲ್ಲ. ಚಂದ್ರನ ನೆರಳು ನೆಲದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೋಯಿತು. ಜಮಖಂಡಿಯವರು ಮೊದಲು ಕಂಡರು, ಮಚಿಲಿಪಟ್ಟಣದವರು ಕೊನೆಗೆ.

ಐದು ದೀಪ

ಪ್ರತಿ ಊರಿಗೂ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಒಳಗಿನ ಎರಡು ಲೋಹದ ಎಲೆ ಕೂಡುವ ಗಾಜಿನ ನಳಿಕೆ), 22 ಓಮ್ ರೆಸಿಸ್ಟರ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್, 220 ಓಮ್ ರೆಸಿಸ್ಟರ್, ಹಳದಿ ಎಲ್‌ಇಡಿ, ಇದೇ ಸಾಲಿನಲ್ಲಿ. ಕೆಪಾಸಿಟರ್‌ನ ಒಂದು ಕಾಲು ಎರಡು ರೆಸಿಸ್ಟರ್ ನಡುವೆ, ಇನ್ನೊಂದು ಋಣ ತಂತಿಗೆ. ವಿದ್ಯುತ್ತು ಮೊಬೈಲ್ ಚಾರ್ಜರಿನ 5 ವೋಲ್ಟ್. ತೋಳಿನ ಹಿಂಬದಿಗೆ 10 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ನಿಯೋಡೈಮಿಯಂ ಅಯಸ್ಕಾಂತ. ರೀಡ್ ಸ್ವಿಚ್‌ಗಳು ಹಲಗೆಯ ಬೆನ್ನಿಗೆ, 36 ಸೆಂ.ಮೀ. ಎತ್ತರದಲ್ಲಿ, ಊರುಗಳ ಅಡ್ಡ ಅಳತೆಗೆ ಸರಿಯಾಗಿ.

ಮೊದಲ ಜೋಡಣೆಯಲ್ಲಿ ಪ್ರತಿ ದೀಪವೂ ಎರಡು ಸಲ ಮಿಂಚಿತು. ಸ್ವಿಚ್‌ಗಳನ್ನು ಹಳಿಯ ದಿಕ್ಕಿಗೇ ಅಡ್ಡ ಮಲಗಿಸಿದ್ದು ಕಾರಣ. ಅಯಸ್ಕಾಂತದ ಒಂದು ಧ್ರುವ ಗಾಜಿನ ನಳಿಕೆಯ ಒಂದು ತುದಿ ದಾಟುವಾಗ ಎಲೆಗಳು ಕೂಡುತ್ತವೆ, ನಟ್ಟನಡುವೆ ಬಂದಾಗ ಎರಡೂ ಎಲೆಗೆ ಸಮ ಪ್ರಭಾವ ಬಿದ್ದು ಬಿಡುತ್ತವೆ, ಇನ್ನೊಂದು ತುದಿಯಲ್ಲಿ ಮತ್ತೆ ಕೂಡುತ್ತವೆ. ಅಂದರೆ ಊರಿನ ಮೇಲೆ ನೆರಳಿನ ನಡುಮಧ್ಯ ಬಂದ ಗಳಿಗೆಯಲ್ಲೇ ದೀಪ ಆರಿರುತ್ತದೆ. ನಳಿಕೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಒಂದು ತುದಿ ಮಾತ್ರ ಅಯಸ್ಕಾಂತದ ದಾರಿಗೆ ಬರುವಂತೆ ಸರಿಸಿದರೆ ಒಂದೇ ಸಲ ಹತ್ತುತ್ತದೆ. ಕಾಲುಗಳನ್ನು ಗಾಜಿನ ಬುಡದಲ್ಲೇ ಬಗ್ಗಿಸಬೇಡಿ, ಚಿಟ್ಟೆಂದು ಒಡೆಯುತ್ತದೆ. ಇಕ್ಕಳದಲ್ಲಿ 3 ಮಿ.ಮೀ. ಬಿಟ್ಟು ಹಿಡಿದು ಆಚೆಗೆ ಬಗ್ಗಿಸಿ.

ಕೆಪಾಸಿಟರ್ ಇರುವುದು ನೆರಳು ದಾಟಿದ ಮೇಲೂ ದೀಪ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಮೆಲ್ಲಗೆ ಆರಲಿ ಎಂದು. 22 ಓಮ್ ಬಿಟ್ಟು ನೇರ ಕೊಟ್ಟಾಗ ಖಾಲಿ ಕೆಪಾಸಿಟರ್ ಒಂದೇ ಗುಕ್ಕಿಗೆ ವಿದ್ಯುತ್ತು ಎಳೆದು, ಗುಂಟೂರಿನ ರೀಡ್ ಎಲೆಗಳು ಬೆಸೆದುಕೊಂಡವು. ಆ ದೀಪ ಆರಲೇ ಇಲ್ಲ. 22 ಓಮ್ ಇದ್ದರೆ ಆ ಗುಕ್ಕು 0.23 ಆಂಪಿಯರ್ ದಾಟುವುದಿಲ್ಲ. 22 ಮತ್ತು 220 ಅದಲುಬದಲಾಗುವುದು ಸಾಮಾನ್ಯ, 22ರ ಮೂರನೇ ಪಟ್ಟಿ ಕಪ್ಪು, 220ರದು ಕಂದು. ಅದಲುಬದಲಾದರೂ ದೀಪದ ಬೆಳಕು ಅಷ್ಟೇ ಇರುತ್ತದೆ, ಯಾಕೆಂದರೆ ಒಟ್ಟು ತಡೆ ಅಷ್ಟೇ. ಮೆಲ್ಲಗೆ ಆರುವ ಬದಲು ಥಟ್ಟನೆ ಆರಿದರೆ ಅಲ್ಲಿ ಅದಲುಬದಲಾಗಿದೆ ಎಂದೇ ಲೆಕ್ಕ.

ತಂತಿಗಳನ್ನು ಬಿಸಿ ಅಂಟಿನಿಂದ ಹಿಡಿಸಿದ್ದು ಮುಚ್ಚಿದ ವಾಹನದಲ್ಲಿ ಮಧ್ಯಾಹ್ನ ಮೆತ್ತಗಾಗಿ ಜಾರಿತು. ಏಪ್ರಿಲ್, ಮೇ ತಿಂಗಳಲ್ಲಿ ಸಾಗಿಸುವಂತಿದ್ದರೆ ಸಣ್ಣ ಕ್ಲಿಪ್ಪು ಮೊಳೆಯೇ ಗಟ್ಟಿ.

ಕಲ್ಪನೆಯ ಹಾಳೆ

60 × 32 ಸೆಂ.ಮೀ., 3 ಮಿ.ಮೀ. ದಪ್ಪದ ಅಕ್ರಿಲಿಕ್, ತೂಕ ಸುಮಾರು 700 ಗ್ರಾಂ. 2 ಮಿ.ಮೀ. ಹಾಳೆ ನಡುವೆ ಬಾಗಿ ಬಳೆಗೆ ತಾಗಿತು. ಹಲಗೆಯಿಂದ 4 ಸೆಂ.ಮೀ. ಈಚೆಗೆ, ಮೇಲಂಚಿಗೆ ಮೂರು ಕೀಲು, ಎತ್ತಿ ಹಿಡಿಯಲು ಎರಡು ಪಕ್ಕ ಸರಪಳಿ. ಸ್ಕ್ರೂ ತೂತು ಸ್ಕ್ರೂಗಿಂತ 1 ಮಿ.ಮೀ. ದೊಡ್ಡದಿರಲಿ: ತಾಪ 20 ಡಿಗ್ರಿ ಏರಿದರೆ 60 ಸೆಂ.ಮೀ. ಅಕ್ರಿಲಿಕ್ ಸುಮಾರು 0.8 ಮಿ.ಮೀ. ಹಿಗ್ಗುತ್ತದೆ, ಬಿಗಿ ತೂತಾದರೆ ಮೂಲೆಯಿಂದ ಸೀಳು ಹೊರಡುತ್ತದೆ. ಒರೆಸಲು ಸಾಬೂನು ನೀರು. ಥಿನ್ನರ್, ಸ್ಪಿರಿಟ್ ತಗುಲಿದರೆ ಹಾಳೆಯೊಳಗೆ ಜೇಡನ ಬಲೆಯಂಥ ಬಿರುಕು ಬರುತ್ತದೆ.

ಚಿತ್ರ ಹಾಳೆಯ ಒಳಮೈಗೆ. ಹೊರಮೈಗೆ ಬಿಡಿಸಿದರೆ ಕೈ ತಾಗಿ ಕಿತ್ತುಹೋಗುತ್ತದೆ. ಒಳಮೈಗೆ ಎಂದರೆ ಕ್ರಮ ತಿರುವುಮುರುವು: ಮೊದಲು ಕಣ್ಣು, ರೇಖೆ, ಅಕ್ಷರ, ಆಮೇಲೆ ಮೈಬಣ್ಣ. ಅಕ್ಷರವನ್ನು ಕನ್ನಡಿಬಿಂಬವಾಗಿ ಬರೆಯಬೇಕು. ಬಣ್ಣ ಬರುವ ಜಾಗವನ್ನಷ್ಟೇ 400ರ ಉಪ್ಪುಕಾಗದದಿಂದ ತುಸು ಒರಟು ಮಾಡಿಕೊಳ್ಳಿ. ಕಲ್ಪನೆಯ ಎಲ್ಲ ಬರಹವೂ ಅರಿಸಿನ ಹಳದಿಯ ಮೇಲೆ ಕಪ್ಪು ಅಕ್ಷರ. ಹಲಗೆಯ ಮೇಲಿನ ನಿಜದ ಬರಹ ಬಿಳಿಯ ಮೇಲೆ ನೀಲಿ. ಒಂದೂವರೆ ಮೀಟರ್ ದೂರಕ್ಕೆ ಅಕ್ಷರ 8 ಮಿ.ಮೀ. ಇರಲಿ.

ಹಾಳೆಯ ಕತೆಯೆಲ್ಲ ರಾಯಚೂರಿನ ಸುತ್ತಲೇ ನಡೆಯುತ್ತದೆ. ಈ ಪೆಟ್ಟಿಗೆಯಲ್ಲಿ ರಾಯಚೂರಿನ ಕೆಳಗೆ ವಿಜ್ಞಾನಿಯ ಗೊಂಬೆ ಇಲ್ಲ. ನೆರಳು ಬಂದದ್ದಂತೂ ಖರೆ. ಹಾಗಾಗಿ ಜಾಗ ಖಾಲಿಯಿದೆ, ಯಾವ ನಿಜವನ್ನೂ ತುಳಿಯದೆ ಅಲ್ಲಿ ಬೇಕಾದ್ದು ಕಟ್ಟಬಹುದು. ಕೋಟೆಯ ಕೆಳಗೆ ಅಜ್ಜಿ ಹಂಚಿನ ಮುಂದೆ ಕೂತಿದ್ದಾಳೆ. ತಟ್ಟಿದ ಜೋಳದ ರೊಟ್ಟಿ ಕೈ ಜಾರಿ ಮೇಲೇರಿ ಸೂರ್ಯನನ್ನು ಮುಚ್ಚುತ್ತದೆ. ‘ನನ್ನ ರೊಟ್ಟಿ ಯಾರು ಒಯ್ದ್ರು?’ ಎಂದು ಅಜ್ಜಿ. ಸಂಜೆಯಾಯಿತೆಂದು ಕೋಟೆಯ ಕಾಗೆಗಳು ಸಾಲಾಗಿ ಕೂತು ಹಾಜರಿ ಕರೆಯುತ್ತವೆ.

ರೊಟ್ಟಿ ಬರೀ ಉಂಗುರದ ರೇಖೆ, ಒಳಗೆ ಬಣ್ಣವಿಲ್ಲ. ಅದರ ನಡುಬಿಂದು ಎಡದಿಂದ 42.0, ತಳದಿಂದ 25.0 ಸೆಂ.ಮೀ. ಎರಡನೇ ಸುತ್ತಿನ ಕೊನೆಗೆ ಹಿಂದಿನ ಕಪ್ಪು ಬಳೆ ಬಂದು ಈ ಉಂಗುರದೊಳಗೆ ಕೂರುತ್ತದೆ, ಅದೇ ಗಳಿಗೆಗೆ ರಾಯಚೂರಿನ ದೀಪ. ಉಂಗುರವನ್ನು ಬಳೆಯಷ್ಟೇ, ಅಂದರೆ 17.8 ಸೆಂ.ಮೀ. ಬರೆದಾಗ ಸುತ್ತಲೂ ತೆಳ್ಳಗೆ ಬೆಳಕಿನ ಸಂದು ಉಳಿಯಿತು. ಹಾಳೆ ಬಳೆಗಿಂತ 2.5 ಸೆಂ.ಮೀ. ಹತ್ತಿರದಲ್ಲಿದೆ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. 17.5ಕ್ಕೆ ಇಳಿಸಿದ ಮೇಲೆ ಒಂದೂವರೆ ಮೀಟರಿನಿಂದ ಎರಡೂ ಒಂದಾದವು. ಚಿಕ್ಕ ಚಂದ್ರ ದೊಡ್ಡ ಸೂರ್ಯನನ್ನು ಮುಚ್ಚುವುದೂ ಇದೇ ಲೆಕ್ಕದಿಂದ. ಬದಿಗೆ ಸರಿದು ನಿಂತವರಿಗೆ ರೊಟ್ಟಿ ಪೂರ್ತಿ ಮುಚ್ಚುವುದಿಲ್ಲ, ನೆರಳಿನ ಪಟ್ಟಿಯ ಹೊರಗಿದ್ದ ಊರುಗಳಿಗೆ ಗ್ರಹಣ ಭಾಗಶಃ ಕಂಡ ಹಾಗೆ. ಆದ್ದರಿಂದ ಇದನ್ನು ದೋಷವೆಂದು ಸರಿಪಡಿಸಲು ಹೋಗಬೇಡಿ. ನೆಲದ ಮೇಲೆ ಸುಣ್ಣದ ಗುರುತು ಹಾಕಿ, ಮಕ್ಕಳನ್ನು ಅಲ್ಲಿಂದ ಇಲ್ಲಿಗೆ ಸರಿಸಿ ತೋರಿಸಿ.

ಹಳದಿ ಹುಡುಗಿ, ಅಂದರೆ ಡಿ3 ಗೆರೆ, ಹಾಳೆಯ ಬಲಭಾಗದಲ್ಲಿ. ಡಿ1, ಡಿ2 ಎಂದು ಬಾಗಿಲಿಗೆ ಬರೆದ ಜೋಡಿಮನೆ. ಅವಳ ಮಾತು: ‘ಅಕ್ಕಾ, ನಾನೂ ಹಳದೀನೇ ಅದೀನಿ. ನಾ ನಿಮ್ಮ ಮನ್ಯಾಕಿ ಹೌದಲ್ಲ?’ ಒಳಗಿನಿಂದ: ‘ಬಣ್ಣ ಒಂದೇ, ಖರೆ. ಜಾಗ ಬ್ಯಾರೆ ಅದ. ನೀ ನಮ್ಮಾಕಿ ಅಲ್ಲವಾ.’ ಹೆಸರಿಲ್ಲದೆ ಅವಳು ಕೋಟೆಗೋಡೆಯ ಮೇಲೆ ಮಲಗುತ್ತಾಳೆ, 27 ವರ್ಷ. ಮಾತಾಡುವ ಗೆರೆಯನ್ನು ಯಾರೂ ಇತಿಹಾಸವೆಂದು ಒಯ್ಯುವುದಿಲ್ಲ. ಆದರೆ ಸಂಭಾಷಣೆಯ ಒಳತಿರುಳು ನಿಜವೇ: ಮೂಲವಸ್ತುವನ್ನು ಗುರುತಿಸುವುದು ಗೆರೆಯ ಬಣ್ಣದಿಂದಲ್ಲ, ಜಾಗದಿಂದ. ಡಿ1 589.6 ನ್ಯಾನೋಮೀಟರ್, ಡಿ2 589.0, ಡಿ3 587.6.

ಬಲ ಮರೆಹಲಗೆಯ ಮೇಲೆ, ಹಿಡಿಕೆಯ ಕೆಳಗೆ ಒಂದು ನೀಲಿ ಬರಹವಿದೆ. ಜಾನ್ಸೆನ್ ಭಾರತದಿಂದ ಕಳಿಸಿದ ಪತ್ರವೂ ಲಾಕಿಯರ್ ಇಂಗ್ಲೆಂಡಿನಿಂದ ಕಳಿಸಿದ ಪತ್ರವೂ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ಮುಟ್ಟಿದವು. ಆಮೇಲೆ 1872ರಲ್ಲಿ ಫ್ರಾನ್ಸ್ ಇಬ್ಬರ ಮುಖವೂ ಇರುವ ಪದಕ ಹೊರಡಿಸಿತು. ಓದಿದ ಮಕ್ಕಳು ಇದು ಕಟ್ಟುಕತೆಯೇ ಇರಬೇಕೆಂದು ಹಾಳೆ ಎತ್ತಿ ನೋಡುತ್ತಾರೆ. ಬರಹ ಅಲ್ಲೇ ಇರುತ್ತದೆ.

ಪಕ್ಕದ ಕೊಳವೆ

ಗೆರೆ ಎಂದರೇನು ಎಂದು ಕಣ್ಣಾರೆ ಕಾಣದಿದ್ದರೆ ಮೇಲಿನದೆಲ್ಲ ಬರೀ ಮಾತು. 25 ಸೆಂ.ಮೀ. ಉದ್ದ, 5 ಸೆಂ.ಮೀ. ಚೌಕದ ರಟ್ಟಿನ ಕೊಳವೆ ಮಾಡಿ, ಒಳಗೆ ಹೊಳಪಿಲ್ಲದ ಕಪ್ಪು ಬಳಿಯಿರಿ. ಒಂದು ತುದಿಗೆ ಬ್ಲೇಡಿನ ಎರಡು ಅರ್ಧಗಳ ಸೀಳುಗಂಡಿ. ಎರಡು ಸಾದಾ ಬರೆಯುವ ಹಾಳೆಯನ್ನು ನಡುವೆ ಇಟ್ಟು ಬ್ಲೇಡು ಅಂಟಿಸಿ, ಹಾಳೆ ಎಳೆದರೆ ಸುಮಾರು 0.2 ಮಿ.ಮೀ. ಸಂದು ಸಿಗುತ್ತದೆ. ಇನ್ನೊಂದು ತುದಿಗೆ ಡಿವಿಡಿ-ಆರ್ ತುಂಡು. ಡಿವಿಡಿ ಎಂದರೆ 0.6 ಮಿ.ಮೀ.ಯ ಎರಡು ತಟ್ಟೆ ಅಂಟಿಸಿದ್ದು. ಅಂಚಿಗೆ ಬ್ಲೇಡು ತೂರಿಸಿ ಬಿಡಿಸಿ, ಗೀರುಗಳಿರುವ ತಟ್ಟೆಯ ನೇರಳೆ ಬಣ್ಣವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. 2 × 2 ಸೆಂ.ಮೀ. ತುಂಡನ್ನು ತಟ್ಟೆಯ ಹೊರ ಅಂಚಿನಿಂದ ಕತ್ತರಿಸಿ, ಅಲ್ಲಿ ಗೀರುಗಳ ಬಾಗು ಕಡಿಮೆ. ಗೀರು ಮತ್ತು ಸೀಳುಗಂಡಿ ಒಂದೇ ದಿಕ್ಕಿಗೆ ಇರಬೇಕು. ಅಡ್ಡವಾದರೆ ಗೆರೆ ಕಾಣುವುದಿಲ್ಲ, ಬಣ್ಣ ಕದಡಿದಂತಿರುತ್ತದೆ. ನೋಡುವುದು ನೇರಕ್ಕಲ್ಲ, ಓರೆಯಾಗಿ: ಗೀರಿನಿಂದ ಗೀರಿಗೆ 0.74 ಮೈಕ್ರೋಮೀಟರ್ ಇರುವುದರಿಂದ ಹಳದಿ ಬೆಳಕು ಸುಮಾರು 53 ಡಿಗ್ರಿ ಬಾಗಿ ಬರುತ್ತದೆ, ಗೆರೆಗಳು ಕೊಳವೆಯ ಪಕ್ಕದ ಕಪ್ಪು ಗೋಡೆಯ ಮೇಲೆ ನಿಂತಂತೆ ಕಾಣುತ್ತವೆ.

ಹೀಲಿಯಂ ದೀಪ ಶಾಲೆಗೆ ತರುವುದು ಬೇಡ, ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಅದರ ಜಾಗವನ್ನು ಬೇರೆ ದಾರಿಯಿಂದ ತೋರಿಸಬಹುದು. ಸ್ಪಿರಿಟ್ ದೀಪದ ಬತ್ತಿಗೆ ಅಡುಗೆ ಉಪ್ಪಿನ ನೀರು ತಾಗಿಸಿದರೆ ಸೋಡಿಯಂನ ಹಳದಿ ಸಿಗುತ್ತದೆ. ಈ ಕೊಳವೆಯಲ್ಲಿ ಡಿ1, ಡಿ2 ಕೂಡಿ ಒಂದೇ ಗೆರೆಯಾಗಿ ಕಂಡವು, ಬಿಡಿಸಿ ತೋರಿಸುವಷ್ಟು ಸಮತಟ್ಟು ಡಿವಿಡಿಗೆ ಇಲ್ಲ. ಇನ್ನೊಂದು ದೀಪ ಸ್ವಿಚ್ ಬೋರ್ಡಿನ ಕಿತ್ತಳೆ ಬಣ್ಣದ ನಿಯಾನ್ ಇಂಡಿಕೇಟರ್. ಅದರ ಪ್ರಖರ ಹಳದಿ ಗೆರೆ 585.2ಕ್ಕೆ ಬರುತ್ತದೆ. ಎರಡನ್ನೂ ಸೀಳುಗಂಡಿಯ ಮೇಲರ್ಧ, ಕೆಳಅರ್ಧಕ್ಕೆ ಹಂಚಿ ನೋಡಿದರೆ ಎರಡು ಹಳದಿ ಗೆರೆ, ನಡುವೆ 2 ಮಿ.ಮೀ. ಚಿಲ್ಲರೆ ಅಂತರ. ಡಿ3 ಇರಬೇಕಾದ್ದು ಆ ಅಂತರದೊಳಗೆ, ನಡುವಿಗಿಂತ ತುಸು ಸೋಡಿಯಂ ಕಡೆಗೆ. ಅಲ್ಲೇ ಮಸುಕಾಗಿ ಮತ್ತೊಂದು ಗೆರೆ ಕಂಡರೆ ಅದು ನಿಯಾನ್‌ನದೇ, 588.2ರದು. ಹೀಲಿಯಂ ಎಂದು ಹೇಳಿಬಿಡಬೇಡಿ.

ಈಚಿನ ಬಹಳಷ್ಟು ಇಂಡಿಕೇಟರ್‌ಗಳೊಳಗೆ ಎಲ್‌ಇಡಿ ಇರುತ್ತದೆ. ಕೊಳವೆಯಲ್ಲಿ ಗೆರೆಗಳ ಬದಲು ಅಗಲ ಪಟ್ಟಿ ಕಂಡರೆ ಅದನ್ನು ವಾಪಸ್ ಕೊಟ್ಟು ಬೇರೆ ತನ್ನಿ. 230 ವೋಲ್ಟಿನ ಸಂಪರ್ಕವನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿಸಿ. ಸ್ಪಿರಿಟ್ ದೀಪ ಪ್ಲೈವುಡ್‌ನಿಂದ 30 ಸೆಂ.ಮೀ. ದೂರ, ಪಕ್ಕದಲ್ಲಿ ಒಬ್ಬ ಶಿಕ್ಷಕರು. ಕೊಳವೆಯನ್ನು ಯಾವ ಕಾರಣಕ್ಕೂ ಸೂರ್ಯನತ್ತ ತಿರುಗಿಸಕೂಡದು. ಆಕಾಶ ನೋಡುವ ಆಸೆಯಾದರೆ ಸೂರ್ಯ ಬೆನ್ನಿಗಿರುವ ಬಿಳಿ ಗೋಡೆಗೆ ಹಿಡಿಯಲಿ.

ಸಾಗಿಸುವ ಮುನ್ನ

ಬಳೆಯನ್ನು ಎಡ ಮರೆಗೆ ತಂದು ತೋಳಿಗೆ ಬಟ್ಟೆ ಕಟ್ಟಿ, ದಾರದ ಸ್ಪ್ರಿಂಗ್ ಬಿಚ್ಚಿಡಿ. ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ಮೊದಲು ಮುರಿಯುವುದು ಜಾನ್ಸೆನ್ ಅವರ ಊರುಗೋಲು. ಬಿಡಿಭಾಗವಾಗಿ ಎರಡು ರೀಡ್ ಸ್ವಿಚ್, ಎರಡು ಮೀಟರ್ ದಾರ, ಒಂದು ಮೇಣದಬತ್ತಿ.

ಜಾಗಕ್ಕೆ ಹೋಗಿ ಜೋಡಿಸಿದ ಮೇಲೆ ಹಾಳೆ ಇಳಿಸಿ ಐದು ಸುತ್ತು, ಹಾಳೆ ಎತ್ತಿ ಐದು ಸುತ್ತು. ಎತ್ತಿದಾಗ ಎರಡನೇ ಸುತ್ತಿನ ಕೊನೆಗೆ ರೊಟ್ಟಿ ಇರುವುದಿಲ್ಲ, ಅಜ್ಜಿ ಇರುವುದಿಲ್ಲ, ರಾಯಚೂರಿನ ಕೆಳಗಿನ ಖಾಲಿ ಹಲಗೆಯ ಮೇಲೆ ಹಳದಿ ದೀಪ ಹತ್ತಿ ಮೆಲ್ಲಗೆ ಆರುತ್ತದೆ. ನೋಡಿದವರು ಅಲ್ಲಿಗೂ ಒಂದು ಗೊಂಬೆ ಇಡಿ ಎನ್ನುತ್ತಾರೆ. ಆ ಜಾಗ ಹಾಗೆಯೇ ಇರಲಿ.